ಹಳೇ ಪಿಸಿಗೆ ಲಿನಕ್ಸ್ ಹಾಕುವಾಗ ಪ್ರತಿಸಲ ಬೇರೆ ಬೇರೆ ಕಡೆ ನಿಲ್ಲುತ್ತಿದೆ. ಡಿಸ್ಕೋ, ರ‍್ಯಾಮೋ, ಬೋರ್ಡೋ?

ಹೊಳೆಯಾಚೆ ಮನೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ ನಮ್ಮ ಮನೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಕಂಪ್ಯೂಟರ್ ಬಿಚ್ಚಿ ಜೋಡಿಸುವ ಕೆಲಸ ಗೊತ್ತಿಲ್ಲ, ಆದರೆ ಸ್ಕ್ರೂಡ್ರೈವರ್ ಹಿಡಿಯಲು ಹೆದರಿಕೆಯೂ ಇಲ್ಲ. ಒಂದು ವಾರದಿಂದ ಒದ್ದಾಡಿ ಈಗ ನಿಮ್ಮನ್ನು ಕೇಳುತ್ತಿದ್ದೇನೆ.

ಪಿಸಿ ಅಪ್ಪಯ್ಯನದು. 2009ರಲ್ಲಿ ಶಿವಮೊಗ್ಗದಲ್ಲಿ ಜೋಡಿಸಿಕೊಂಡು ತಂದದ್ದು. ಪೆಂಟಿಯಮ್ ಡ್ಯುಯಲ್ ಕೋರ್ ಇ5200 ಪ್ರೊಸೆಸರ್, ಜಿ31 ಚಿಪ್‌ಸೆಟ್‌ನ ಬೋರ್ಡ್, 1 ಜಿಬಿಯ ಎರಡು ಡಿಡಿಆರ್2 ರ‍್ಯಾಮ್, 320 ಜಿಬಿಯ ಸಾಟಾ ಹಾರ್ಡ್‌ಡಿಸ್ಕ್. ಇದ್ದದ್ದು ವಿಂಡೋಸ್ 7. ಮಳೆಗಾಲ ಶುರುವಾದ ಮೇಲೆ ಅದು ಅರ್ಧ ತೆರೆದು ನೀಲಿ ಪರದೆ ತೋರಿಸಿ ಮತ್ತೆ ಮೊದಲಿಂದ ಹೊರಡುತ್ತಿತ್ತು. ಪೇಟೆಯ ಒಂದು ಅಂಗಡಿಗೆ ಹೊತ್ತುಕೊಂಡು ಹೋದೆ. ಅವರು ಡಬ್ಬವನ್ನು ತೆರೆಯದೆಯೇ "ಬೋರ್ಡ್ ಹೋಗಿದೆ, ಹೊಸದು ತಗೊಳ್ಳಿ" ಅಂದರು. ವಾಪಸ್ ತಂದೆ. ಹೇಗೂ ವಿಂಡೋಸ್ 7ಕ್ಕೆ 2020ರ ಜನವರಿಯಲ್ಲೇ ಬೆಂಬಲ ನಿಂತಿದೆ, ಲಿನಕ್ಸ್ ಹಾಕಿ ನೋಡೋಣ ಅಂತ ಕೂತೆ.

ಡೆಬಿಯನ್ 13 (ಲಿನಕ್ಸಿನ ಒಂದು ಬಗೆ), ಎಕ್ಸ್‌ಎಫ್‌ಸಿಇ ಅನ್ನುವ ಹಗುರ ಡೆಸ್ಕ್‌ಟಾಪ್ ಇರುವ ಲೈವ್ ಪೆನ್‌ಡ್ರೈವ್ (ಡಿಸ್ಕಿಗೆ ಹಾಕದೆಯೇ ನಡೆಸಿ ನೋಡುವಂಥದ್ದು) ಮಾಡಿದ್ದೇನೆ. ಆಗುತ್ತಿರುವುದು ಹೀಗೆ:

ಆನ್ ಮಾಡಿದಾಗಲೆಲ್ಲ ಸಿಮಾಸ್ (ಬೋರ್ಡಿನ ಸೆಟ್ಟಿಂಗ್‌ಗಳ ನೆನಪು) ಚೆಕ್‌ಸಮ್ ತಪ್ಪು ಅಂತ ಹೇಳಿ ಎಫ್1 ಒತ್ತಿಸಿಕೊಳ್ಳುತ್ತದೆ. ತಾರೀಖು 2009ರ ಜನವರಿ 1. ಬಯಾಸ್‌ಗೆ ಹೋಗಿ ಪೆನ್‌ಡ್ರೈವ್ ಮೊದಲು ಅಂತ ಇಟ್ಟರೆ, ಪ್ಲಗ್ ತೆಗೆದು ಹಾಕುವಷ್ಟರಲ್ಲಿ ಮರೆತಿರುತ್ತದೆ. ಲೈವ್ ಡೆಸ್ಕ್‌ಟಾಪ್ ಹತ್ತು ಸಲ ಪ್ರಯತ್ನಿಸಿದರೆ ಆರು ಸಲ ಬರುತ್ತದೆ. ಬಂದಾಗ ಬ್ರೌಸರ್ ಯಾವ ಸೈಟನ್ನೂ ತೆರೆಯದೆ ಸರ್ಟಿಫಿಕೇಟ್ ಸರಿಯಿಲ್ಲ ಅನ್ನುತ್ತದೆ. ಲ್ಯಾನ್ ಪೋರ್ಟ್ ಎರಡು ವರ್ಷದ ಹಿಂದೆ ಸಿಡಿಲಿಗೆ ಸತ್ತಿದೆ, ಹಾಗಾಗಿ ಫೋನನ್ನು ಯುಎಸ್‌ಬಿಗೆ ಸಿಕ್ಕಿಸಿ ನೆಟ್ ಕೊಡುತ್ತಿದ್ದೇನೆ.

ಇನ್‌ಸ್ಟಾಲ್ ಶುರು ಮಾಡಿದರೆ ಮೊದಲ ಸಲ 27 ಪರ್ಸೆಂಟಿಗೆ ನಿಂತಿತು, ಎರಡನೇ ಸಲ 61ಕ್ಕೆ, ನಿನ್ನೆ ರಾತ್ರಿ 43ಕ್ಕೆ. ಒಮ್ಮೆ ಕಪ್ಪು ಪರದೆಯಲ್ಲಿ ಸ್ಕ್ವಾಷ್‌ಎಫ್‌ಎಸ್ (ಪೆನ್‌ಡ್ರೈವ್‌ನಲ್ಲಿ ಲಿನಕ್ಸನ್ನು ಒತ್ತಿ ತುಂಬಿಟ್ಟಿರುವ ರೂಪ) ಎರರ್, ಡೇಟಾ ಕೆಟ್ಟಿರಬಹುದು ಅನ್ನುವ ಸಾಲುಗಳು ಸಾಲಾಗಿ ಬಂದವು. ಇದೇ ಪೆನ್‌ಡ್ರೈವ್ ತಮ್ಮನ ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗಿ ನಡೆಯುತ್ತದೆ. ಡಿಸ್ಕಿನಿಂದ ನಡುನಡುವೆ ಟಕ್, ಟಕ್ ಅಂತ ಸದ್ದು, ಆಮೇಲೆ ಅರ್ಧ ನಿಮಿಷ ಎಲ್ಲ ಸ್ತಬ್ಧ.

ನಾನು ಡಿಸ್ಕಿನ ಕೊನೆಯಲ್ಲಿ ಖಾಲಿ ಇದ್ದ 60 ಜಿಬಿ ಪಾರ್ಟಿಷನ್‌ಗೆ ಹಾಕುತ್ತಿದ್ದೇನೆ. ಸಿ ಮತ್ತು ಡಿ ಮುಟ್ಟಿಲ್ಲ. ಡಿಯಲ್ಲಿ ಅಪ್ಪಯ್ಯನ ಮಳೆ ಲೆಕ್ಕ ಇದೆ. ದಿನಾ ಬೆಳಿಗ್ಗೆ ಎಂಟೂವರೆಗೆ ಅಂಗಳದ ಮಳೆಮಾಪಕದ ನೀರನ್ನು ಅಳೆದು, ಇಂಚು-ಸೆಂಟಿನಲ್ಲಿ, ಯಾವ ನಕ್ಷತ್ರದ ಮಳೆ ಅನ್ನುವುದರ ಸಮೇತ, ಈ ಪಿಸಿ ಬಂದ ದಿನದಿಂದ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ್ದಾರೆ. ಅವರಿಗೀಗ 78. ಮೃಗಶಿರ, ಆರಿದ್ರ ಎರಡೂ ಕಳೆದು ಪುನರ್ವಸು ಹಿಡಿದಿದೆ, ಈ ವರ್ಷದ್ದು ಇನ್ನೂ ಫೈಲಿಗೆ ಹೋಗಿಲ್ಲ. ದಿನಾ ಸಂಜೆ "ಆಯ್ತನಾ?" ಅಂತ ಕೇಳುತ್ತಾರೆ.

ತಪ್ಪು ಎಲ್ಲಿದೆ ಅಂತ ಹುಡುಕುವುದು ಯಾವ ಕಡೆಯಿಂದ ಶುರು ಮಾಡಲಿ?

ಕಾಲೇಜ್ ರೋಡ್

2 ಜಿಬಿ ರ‍್ಯಾಮ್‌ಗೆ 64 ಬಿಟ್ ಭಾರ ಆಗುತ್ತೆ ಮೇಡಂ. 32 ಬಿಟ್ ಹಾಕಿ ನೋಡಿ. ಬಯಾಸ್‌ನಲ್ಲಿ ಡಿಸ್ಕಿಗೆ ಹಳೇ ಐಡಿಇ ಮೋಡ್ ಇದ್ದರೆ ಹೊಸ ಎಎಚ್‌ಸಿಐ ಮೋಡ್ ಮಾಡಿ. ಆಗಲಿಲ್ಲ ಅಂದರೆ ಬೂಟ್ ಆಗುವಾಗ ನೋಮೋಡ್‌ಸೆಟ್ ಕೊಡಿ.

ಹುಬ್ಬಳ್ಳಿ ರಿಪೇರಿ

ಅಕ್ಕಾರ, ನಾ ಹುಬ್ಬಳ್ಳ್ಯಾಗ ಇಪ್ಪತ್ತೆರಡು ವರ್ಷದಿಂದ ಇದ ಕೆಲಸ ಮಾಡ್ಕೋತ ಬಂದೇನಿ. ಎಲ್ಲಾಕಿಂತ ಮೊದ್ಲ ಒಂದ ಮಾತು: ಇನ್‌ಸ್ಟಾಲ್ ಮಾಡೂದು ಇವತ್ತ ನಿಲ್ಲಸ್ರಿ. ಅಪ್ಪಾರ ಲೆಕ್ಕ ಇರೂದು ಆ ಡಿಸ್ಕಿನಾಗ. ಆ ಡಿಸ್ಕ್ ಟಕ್ ಟಕ್ ಅಂತೈತಿ ಅಂತ ನೀವ ಬರದೀರಿ. ಡಿ ಮುಟ್ಟಿಲ್ಲ ಅಂದ್ರೂ ಡಿಸ್ಕ್ ಒಂದ ಐತಿ, ತಲಿ ಒಂದ ಐತಿ. ಬರೆಯೂ ಕೆಲಸ ಹೆಚ್ಚಾದಷ್ಟೂ ಅದಕ್ಕ ತ್ರಾಸ. ಪವರ್ ತಗೀರಿ, ಡಿಸ್ಕಿನ ಎರಡೂ ಕೇಬಲ್ ಬಿಚ್ಚಿ ಬಾಜೂಕ ಇಡ್ರಿ. ಮುಂದಿನ ತಪಾಸಣಿಗೆ ಡಿಸ್ಕ್ ಬೇಕಾಗಿಲ್ಲ, ಪೆನ್‌ಡ್ರೈವ್ ಸಾಕು.

ಮ್ಯಾಲಿನ ಅಣ್ಣಾರು ಹೇಳಿದ್ದು ಈ ಮಷಿನ್ನಿಗೆ ಹೊಂದೂದಿಲ್ಲ. ಇ5200 ಅನ್ನೂದು 64 ಬಿಟ್ ಪ್ರೊಸೆಸರ್ರ. ಡೆಬಿಯನ್ 13ಕ್ಕ 32 ಬಿಟ್ ಇನ್‌ಸ್ಟಾಲರ್ ಬರೂದ ನಿಂತೈತಿ, 12ರಾಗ ಇತ್ತು. ಉಬುಂಟು ಅನ್ನೂ ಇನ್ನೊಂದ ಲಿನಕ್ಸಿನವರು 2017ರಾಗ 32 ಬಿಟ್ ಡೆಸ್ಕ್‌ಟಾಪ್ ಐಎಸ್‌ಓ ಬಿಡೂದು ಬಿಟ್ಟರು. ಎಎಚ್‌ಸಿಐ ಹುಡುಕಾಕ ಹೋಗಬ್ಯಾಡ್ರಿ, ಜಿ31 ಬೋರ್ಡಿನ ಜೋಡಿ ಬರೂ ಐಸಿಎಚ್7 ಚಿಪ್ಪಿನಾಗ ಆ ಮೋಡ್ ಇಲ್ಲ. ನೋಮೋಡ್‌ಸೆಟ್ ಅನ್ನೂದು ಪರದಿ ಕಪ್ಪಾದಾಗ ಬಳಸೂ ಮದ್ದು. ನಿಮಗ ಪರದಿ ಬರಾಕತ್ತೈತಿ.

ಈಗ ನಿಮ್ಮ ಲಕ್ಷಣ ನೋಡೂಣು. 27, 61, 43. ಪ್ರತೀ ಸಲ ಒಂದ ಕಡೆ ನಿಂತಿದ್ರ ನಾ ಪೆನ್‌ಡ್ರೈವ್ ಮ್ಯಾಲ ಸಂಶೆ ಪಡ್ತಿದ್ದೆ, ಇಲ್ಲಾ ಡಿಸ್ಕಿನ ಒಂದು ಜಾಗಾ ಕೆಟ್ಟೈತಿ ಅಂತಿದ್ದೆ. ಜಾಗಾ ಬದಲಾಗಾಕತ್ತೈತಿ, ಪೆನ್‌ಡ್ರೈವ್ ಬ್ಯಾರೆ ಮಷಿನ್ನಿನಾಗ ಛಲೋ ನಡೀತೈತಿ, ಸ್ಕ್ವಾಷ್‌ಎಫ್‌ಎಸ್ ಬಿಚ್ಚೂವಾಗ ಡೇಟಾ ಕೆಡ್ತೈತಿ. ಇದು ರ‍್ಯಾಮಿನ ಗುಣ. ಮಳಿ ಶುರು ಆದ ಮ್ಯಾಲ ಆತು ಅಂದದ್ದೂ ಅದಕ್ಕ ಹೊಂದತೈತಿ. ನಿಮ್ಮ ಕಡೆ ಗಾಳ್ಯಾಗ ನೀರ ಇರ್ತೈತಿ, ರ‍್ಯಾಮಿನ ಹಳದಿ ಹಲ್ಲಿನ ಮ್ಯಾಲ ಕಪ್ಪ ಪೊರಿ ಕೂಡ್ತೈತಿ.

ಮಾಡೂ ರೀತಿ ಹೇಳ್ತೇನಿ. ಪ್ಲಗ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡೀರಿ, ಉಳಿದ ಕರೆಂಟ್ ಹೋಗತೈತಿ. ಡಬ್ಬಿಯ ಬರೀ ಕಬ್ಬಿಣಕ್ಕ ಕೈ ಮುಟ್ಟಿಸಿ ಆಮ್ಯಾಲ ಒಳಗ ಕೈ ಹಾಕ್ರಿ. ಮಷಿನ್ನಿಗೆ ಕರೆಂಟ್ ಕೊಡೂ ಎಸ್‌ಎಂಪಿಎಸ್ ಡಬ್ಬಿ ಮಾತ್ರ ಬಿಚ್ಚಬ್ಯಾಡ್ರಿ, ಪ್ಲಗ್ ತಗದ ಮ್ಯಾಲೂ ಅದರೊಳಗಿನ ಕೆಪಾಸಿಟರಿನಾಗ ಕರೆಂಟ್ ನಿಂತಿರ್ತೈತಿ, ಹೊಡದ್ರ ಜೀವಕ್ಕ ಕುತ್ತು.

ಮೊದ್ಲ ಬೋರ್ಡ್ ಮ್ಯಾಲಿನ ಗುಂಡ ಸೆಲ್ ಬದಲ ಮಾಡ್ರಿ. ಸಿಆರ್2032, 3 ವೋಲ್ಟ್, ವಾಚಿನ ಅಂಗಡ್ಯಾಗ ಸಿಗತೈತಿ. ತಾರೀಖು, ಬೂಟ್ ಕ್ರಮ, ಎಫ್1 ಮೂರೂ ಕಾಟ ಅದರಿಂದ. ಬ್ರೌಸರಿನ ಸರ್ಟಿಫಿಕೇಟ್ ತಂಟಿನೂ ಅದ, ಮಷಿನ್ 2009ರಾಗ ಕುಂತು ಇವತ್ತಿನ ಸರ್ಟಿಫಿಕೇಟ್ ನೋಡಿದ್ರ ಇನ್ನೂ ಹುಟ್ಟಿಲ್ಲ ಅಂತೈತಿ. ಸೆಲ್ ಹಾಕಿದ ಮ್ಯಾಲ ಬಯಾಸಿನಾಗ ಟೈಮ್ ಇಡ್ರಿ. ಈ ಕಾಲದ ಬಯಾಸುಗಳು ಪೆನ್‌ಡ್ರೈವನ್ನ ಹಾರ್ಡ್‌ಡಿಸ್ಕ್ ಪಟ್ಟಿಯೊಳಗ ತೋರಸ್ತಾವು, ತಗದು ಹಾಕೂ ಸಾಮಾನಿನ ಪಟ್ಟಿಯಾಗ ಹುಡುಕಿದ್ರ ಸಿಗೂದಿಲ್ಲ. ಪೆನ್‌ಡ್ರೈವ್ ಹಿಂದಿನ ಪೋರ್ಟಿಗೇ ಹಚ್ಚರಿ. ಮುಂದಿನ ಪೋರ್ಟಿಗೆ ಹೋಗೂ ವಾಯರ್ ಇಷ್ಟ ವರ್ಷಕ್ಕ ಸಡಿಲ ಆಗಿರ್ತೈತಿ.

ಆಮ್ಯಾಲ ರ‍್ಯಾಮ್ ಎರಡೂ ತಗೀರಿ. ಹುಡುಗರು ಪೆನ್ಸಿಲ್ ಅಳಸೂ ಬಿಳಿ ರಬ್ಬರ್ ತಗೊಂಡು ಹಲ್ಲಿನ ಮ್ಯಾಲ ಮೆತ್ತಗ ತಿಕ್ಕರಿ, ಚೂರು ಸ್ಲಾಟಿನಾಗ ಬೀಳದಂಗ ದೂರ ಹಿಡದು. ಬ್ಯಾರೆ ಪೆನ್‌ಡ್ರೈವಿಗೆ ಮೆಮೊರಿ ತಪಾಸ ಮಾಡೂ ಮೆಮ್‌ಟೆಸ್ಟ್86 ಪ್ಲಸ್ ಹಾಕಿ, ಒಂದ ರ‍್ಯಾಮ್ ಒಂದ ಸ್ಲಾಟ್ ಅಂತ ಓಡಸ್ರಿ. ಎರಡೂ ಕೂಡಿಸಿ ಓಡಸಿದ್ರ ಡ್ಯುಯಲ್ ಚಾನಲ್ಲಿನಾಗ ವಿಳಾಸ ಎರಡರ ನಡುವ ಹಂಚಿ ಹೋಗಿರ್ತೈತಿ, ಯಾವುದು ಕೆಟ್ಟದ್ದು ಅಂತ ತಿಳಿಯೂದಿಲ್ಲ. ಒಂದ ಎರರ್ ಬಂದ್ರೂ ಕೆಟ್ಟದ್ದ, "ಒಂದ ಅಲ್ಲೇನು" ಅಂತ ಬಿಡಬ್ಯಾಡ್ರಿ. ಒಂದನೇ ರ‍್ಯಾಮ್ ಒಂದನೇ ಸ್ಲಾಟಿನಾಗ, ಎರಡನೇದು ಅದ ಸ್ಲಾಟಿನಾಗ, ಆಮ್ಯಾಲ ಛಲೋ ಇದ್ದದ್ದನ್ನ ಎರಡನೇ ಸ್ಲಾಟಿಗೆ. ಇಷ್ಟ ಮಾಡಿದ್ರ ರ‍್ಯಾಮೋ ಸ್ಲಾಟೋ ಗೊತ್ತಾಗತೈತಿ.

ಡಬ್ಬಿ ತಗದಾಗ ಎರಡು ಕಡೆ ಕಣ್ಣ ಹಾಯಸ್ರಿ. ಪ್ರೊಸೆಸರಿನ ಬಾಜೂಕ ಸಾಲಾಗಿ ನಿಂತ ಕೆಪಾಸಿಟರಿನ ತಲಿ ಸಪಾಟ ಇರಬೇಕು, ಉಬ್ಬಿದ್ರ ಇಲ್ಲಾ ಕಂದು ಅಂಟು ಸೋರಿದ್ರ ಫೋಟೋ ಹಾಕ್ರಿ. ಎರಡನೇದು ಪ್ರೊಸೆಸರ್ ಮ್ಯಾಲಿನ ಫ್ಯಾನು. ಈ 775 ಸಾಕೆಟ್ಟಿಗೆ ನಾಕು ಪ್ಲಾಸ್ಟಿಕ್ ಪಿನ್ ಇರ್ತಾವ, ಒಂದ ಮ್ಯಾಲ ಎದ್ದಿದ್ರೂ ಹೀಟ್‌ಸಿಂಕ್ ಓರೆ ಕುಂತು ಕಾವು ಏರತೈತಿ.

ಒಂದ ಸಲಕ್ಕ ಒಂದ ಬದಲ ಮಾಡ್ರಿ, ಬರದಿಡ್ರಿ. ಅಪ್ಪಾರು ಮಳಿ ಬರದಂಗ.

ಹೊಳೆಯಾಚೆ ಮನೆ

ಅಣ್ಣಾ, ನಿಮ್ಮ ಉತ್ತರವನ್ನು ಅಪ್ಪಯ್ಯನಿಗೆ ಓದಿ ಹೇಳಿದೆ. ಕೊನೆಯ ಸಾಲು ಕೇಳಿ ಅವರೇ ಒಂದು ಹಳೇ ನೋಟ್‌ಬುಕ್ ತಂದುಕೊಟ್ಟರು. ಅದರಲ್ಲಿ ಬರೆದದ್ದನ್ನೇ ಇಲ್ಲಿ ಇಳಿಸುತ್ತಿದ್ದೇನೆ.

ಡಿಸ್ಕನ್ನು ಬಿಚ್ಚಿ ಬಟ್ಟೆ ಸುತ್ತಿ ಕಪಾಟಿನಲ್ಲಿಟ್ಟೆ.

ಸೆಲ್ ತೆಗೆದು ಶಾಲೆಯ ಪ್ರಯೋಗಾಲಯದ ಮಲ್ಟಿಮೀಟರ್‌ನಲ್ಲಿ ಅಳೆದೆ, 1.1 ವೋಲ್ಟ್. ಹೊಸದು 3.2 ತೋರಿಸಿತು. ಹಾಕಿದ ಮೇಲೆ ಎಫ್1 ಕೇಳುವುದು ನಿಂತಿದೆ, ತಾರೀಖು ನಿಂತಿದೆ, ಲೈವ್‌ನಲ್ಲಿ ಬ್ರೌಸರ್ ಸೈಟುಗಳನ್ನು ತೆರೆಯುತ್ತಿದೆ.

ಡಬ್ಬದ ಒಳಗೆ ನಾನು ಎಣಿಸಿರದ ಒಂದು ಕಂಡಿತು. ಎಸ್‌ಎಂಪಿಎಸ್‌ನ ಹಿಂಬದಿಯ ಜಾಲರಿಗೆ ಕುಂಬಾರ ಹುಳ ಗೂಡು ಕಟ್ಟಿತ್ತು. ಹೆಬ್ಬೆರಳಿನಷ್ಟು ದಪ್ಪದ ನಾಲ್ಕು ಮಣ್ಣಿನ ಕೊಳವೆ, ಒಂದರ ಪಕ್ಕ ಒಂದು, ಜಾಲರಿಯ ಅರ್ಧಭಾಗ ಮುಚ್ಚಿಹೋಗಿತ್ತು. ಪ್ಲಗ್ ಕಿತ್ತೇ ಇತ್ತು. ಐಸ್‌ಕ್ರೀಮ್ ಕಡ್ಡಿಯಿಂದ ಹೊರಗಿನಿಂದಲೇ ಒಂದೊಂದಾಗಿ ಬಿಡಿಸಿದೆ, ಮಣ್ಣು ಒಳಗೆ ಬೀಳದ ಹಾಗೆ ಡಬ್ಬವನ್ನು ಮುಖ ಕೆಳಗೆ ಮಾಡಿ. ಕೊಳವೆಯೊಳಗೆ ಮರಗಟ್ಟಿದ ಜೇಡಗಳು ತುಂಬಿದ್ದವು. ಮರಿಗೆ ಊಟ ಅಂತ ಹುಳ ಇಟ್ಟದ್ದು. ಎಸ್‌ಎಂಪಿಎಸ್ ಬಿಚ್ಚಲಿಲ್ಲ. ಈಗ ಹಿಂದೆ ಕೈ ಹಿಡಿದರೆ ಗಾಳಿ ಬರುವುದು ಗೊತ್ತಾಗುತ್ತದೆ, ಮೊದಲು ಇರಲಿಲ್ಲ.

ಪ್ರೊಸೆಸರ್ ಫ್ಯಾನಿನ ನಾಲ್ಕು ಪಿನ್‌ಗಳಲ್ಲಿ ರ‍್ಯಾಮ್ ಕಡೆಯದೊಂದು ಎದ್ದಿತ್ತು, ನೀವು ಹೇಳಿದ ಹಾಗೆಯೇ. ಹೀಟ್‌ಸಿಂಕ್ ತೆಗೆದರೆ ಪೇಸ್ಟ್ ಒಣಗಿ ಸುಣ್ಣದ ಪುಡಿಯಂತಾಗಿತ್ತು. ಒರೆಸಿ, ಹೊಸ ಪೇಸ್ಟ್ ಅಕ್ಕಿಕಾಳಿನಷ್ಟು ಹಾಕಿ, ನಾಲ್ಕೂ ಪಿನ್ ಟಕ್ ಅನ್ನುವವರೆಗೆ ಒತ್ತಿದೆ. ಸೆನ್ಸರ್ ತೋರಿಸುತ್ತಿದ್ದ 81 ಡಿಗ್ರಿ ಈಗ 44. ಕೆಪಾಸಿಟರ್‌ಗಳ ತಲೆ ಎಲ್ಲ ಸಪಾಟಾಗಿವೆ.

ರ‍್ಯಾಮ್. ಹಲ್ಲು ನಿಜಕ್ಕೂ ಕಪ್ಪಾಗಿತ್ತು. ರಬ್ಬರ್‌ನಿಂದ ತಿಕ್ಕಿದಾಗ ಒಂದೊಂದೇ ಹಲ್ಲು ಹಳದಿಗೆ ತಿರುಗುವುದನ್ನು ನೋಡುತ್ತ ಕೂತಿದ್ದೆ. ಮೊದಲನೆಯದು, ಒಂದನೇ ಸ್ಲಾಟ್: ರಾತ್ರಿಯಿಡೀ ಓಡಿಸಿದೆ, ಸೊನ್ನೆ ಎರರ್. ಎರಡನೆಯದು, ಅದೇ ಸ್ಲಾಟ್: ನಾಲ್ಕನೇ ನಿಮಿಷದಿಂದ ಕೆಂಪು ಸಾಲುಗಳು, ಪರದೆ ತುಂಬಿತು. ಇನ್ನೊಮ್ಮೆ ತಿಕ್ಕಿ ಹಾಕಿದೆ, ಮತ್ತೆ ಅದೇ. ಮೊದಲನೆಯದನ್ನು ಎರಡನೇ ಸ್ಲಾಟಿಗೆ ಹಾಕಿದೆ, ಸೊನ್ನೆ. ಅಂದರೆ ಸ್ಲಾಟ್ ಎರಡೂ ಸರಿ, ಒಂದು ರ‍್ಯಾಮ್ ಕೆಟ್ಟಿದೆ.

1 ಜಿಬಿ ಒಂದೇ ರ‍್ಯಾಮ್‌ನಲ್ಲಿ ಲೈವ್ ಡೆಸ್ಕ್‌ಟಾಪ್ ಐದಕ್ಕೆ ಐದು ಸಲ ಬಂತು, ನಿಧಾನವಾಗಿಯಾದರೂ.

ಆಮೇಲೆ ಡಿಸ್ಕ್ ಜೋಡಿಸಿ ಓದುವುದಕ್ಕೆ ಮಾತ್ರ ತೆರೆಯಲು ನೋಡಿದೆ. ಮತ್ತೆ ಟಕ್, ಅರ್ಧ ನಿಮಿಷ ಸ್ತಬ್ಧ. ಕರ್ನಲ್ ಸಂದೇಶಗಳಲ್ಲಿ ಐಸಿಆರ್‌ಸಿ ಅನ್ನುವ ಪದ ಪದೇ ಪದೇ ಬರುತ್ತಿದೆ, ಯುಡಿಎಂಎ 100ಕ್ಕೆ ವೇಗ ಇಳಿಸುತ್ತಿದ್ದೇನೆ ಅನ್ನುವ ಸಾಲೂ ಇದೆ. ಡಿಸ್ಕ್ ತನ್ನ ಆರೋಗ್ಯವನ್ನು ತಾನೇ ಬರೆದಿಡುವ ಸ್ಮಾರ್ಟ್ ಪಟ್ಟಿಯಲ್ಲಿ 5ನೇ ಸಾಲು 0, 197ನೇ ಸಾಲು 8, 199ನೇ ಸಾಲು 1412. ತಕ್ಷಣ ಆಫ್ ಮಾಡಿ ಮತ್ತೆ ಡಿಸ್ಕ್ ಬಿಚ್ಚಿಟ್ಟೆ. ಇದರ ಅರ್ಥ ಏನು? ಫೈಲುಗಳನ್ನು ಈಗಲೇ ಪೆನ್‌ಡ್ರೈವ್‌ಗೆ ನಕಲು ಮಾಡಿಕೊಳ್ಳಲೇ?

ಜಯನಗರ 4ನೇ ಬ್ಲಾಕ್

ನಮಸ್ತೆ. ನಾನು ಬೆಂಗಳೂರಲ್ಲಿ ಒಂದು ಆಫೀಸಿನ ಸರ್ವರ್‌ಗಳನ್ನು ನೋಡಿಕೊಳ್ಳುತ್ತೇನೆ. ಡಿಸ್ಕ್ ವಿಷಯ ನಾನು ಹೇಳುತ್ತೇನೆ, ಯಾಕೆಂದರೆ ಹೀಗೇ ಅವಸರದಲ್ಲಿ ನಕಲು ಮಾಡಲು ಹೋಗಿ ನಾನೇ ಒಮ್ಮೆ ಮನೆಯ ಫೋಟೋಗಳನ್ನು ಕಳೆದುಕೊಂಡಿದ್ದೇನೆ.

199ನೇ ಸಾಲು ಡಿಸ್ಕಿನ ಒಳಗಿನ ಕಾಯಿಲೆ ಅಲ್ಲ. ಡಿಸ್ಕ್ ಮತ್ತು ಬೋರ್ಡ್ ನಡುವೆ ಡೇಟಾ ಹೋಗುವಾಗ ಎಷ್ಟು ಸಲ ಕೆಟ್ಟಿತು ಅನ್ನುವ ಎಣಿಕೆ. ಐಸಿಆರ್‌ಸಿ ಕೂಡ ಅದನ್ನೇ ಹೇಳುತ್ತಿದೆ. ನೂರಕ್ಕೆ ತೊಂಬತ್ತು ಸಲ ಅದು ಸಾಟಾ ಕೇಬಲ್. ಹೊಸ ಕೇಬಲ್ ಹಾಕಿದರೂ 1412 ಇಳಿಯುವುದಿಲ್ಲ, ಆ ಎಣಿಕೆ ಎಂದೂ ಹಿಂದಕ್ಕೆ ಬರುವುದಿಲ್ಲ. ಮುಂದೆ ಏರದಿದ್ದರೆ ಸಾಕು.

197ರಲ್ಲಿರುವ 8 ಮಾತ್ರ ಡಿಸ್ಕಿನದ್ದೇ. ಎಂಟು ಸೆಕ್ಟರ್, ತಲಾ 512 ಬೈಟ್, ಒಟ್ಟು 4 ಕೆಬಿ ಓದಲು ಬರುತ್ತಿಲ್ಲ. ಸಣ್ಣದು, ಆದರೆ ಅದು ಯಾವ ಫೈಲಿನಲ್ಲಿ ಕೂತಿದೆ ಗೊತ್ತಿಲ್ಲ. ಮಾಮೂಲಿ ಕಾಪಿ ಮಾಡಿದರೆ ಆ ಜಾಗದಲ್ಲಿ ಡಿಸ್ಕ್ ಮತ್ತೆ ಮತ್ತೆ ತಿಣುಕಾಡುತ್ತದೆ.

ಕೆಟ್ಟ ರ‍್ಯಾಮ್ ಇದ್ದಾಗ ನೀವು ನಕಲು ಮಾಡದೇ ಇದ್ದದ್ದು ದೊಡ್ಡ ಪುಣ್ಯ. ಡಿಸ್ಕ್ ಸರಿಯಾಗಿ ಓದಿಕೊಟ್ಟರೂ ರ‍್ಯಾಮಿನಲ್ಲಿ ಒಂದು ಬಿಟ್ ತಿರುಗಿ ನಕಲು ಕೆಡುತ್ತದೆ, ಯಾವ ಎರರೂ ಬರುವುದಿಲ್ಲ. ಮಳೆ ಲೆಕ್ಕದಲ್ಲಿ 3 ಇದ್ದದ್ದು 7 ಆದರೆ ಯಾರಿಗೆ ಗೊತ್ತಾಗುತ್ತೆ ಹೇಳಿ.

ಹಾಗಾಗಿ ಈ ಕೆಲಸವನ್ನು ತಮ್ಮನ ಲ್ಯಾಪ್‌ಟಾಪ್‌ನಲ್ಲಿ ಮಾಡಿ. ಯುಎಸ್‌ಬಿಯಿಂದ ಸಾಟಾಗೆ ಜೋಡಿಸುವ ಅಡಾಪ್ಟರ್ ಬೇಕು. ನಿಮ್ಮದು ಮೂರೂವರೆ ಇಂಚಿನ ಡಿಸ್ಕ್, ಅದಕ್ಕೆ 12 ವೋಲ್ಟ್ ಬೇಕು, ಯುಎಸ್‌ಬಿ 5 ವೋಲ್ಟ್ ಮಾತ್ರ ಕೊಡುತ್ತದೆ. ಬೇರೆ ಕರೆಂಟ್ ಪ್ಲಗ್ ಜೊತೆಗೆ ಬರುವ ಅಡಾಪ್ಟರನ್ನೇ ಕೇಳಿ ತಗೊಳ್ಳಿ. ನಕಲು ಇಡಲು 500 ಜಿಬಿಯಾದರೂ ಇರುವ ಖಾಲಿ ಎಕ್ಸ್‌ಟರ್ನಲ್ ಡಿಸ್ಕ್. ಅದು ಫ್ಯಾಟ್32 ಆಗಿರಬಾರದು, ಅದರಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಯುವುದಿಲ್ಲ. ಲಿನಕ್ಸಿನ ಇಎಕ್ಸ್‌ಟಿ4 ಫಾರ್ಮ್ಯಾಟ್ ಮಾಡಿಕೊಳ್ಳಿ.

ಕೆಟ್ಟ ಡಿಸ್ಕಿನಿಂದ ನಕಲು ಎತ್ತಲು ಲೈವ್ ಡೆಬಿಯನ್‌ನಲ್ಲಿ ಹಾಕಿಕೊಳ್ಳಬೇಕಾದ ಪ್ಯಾಕೇಜ್‌ನ ಹೆಸರು ಜಿಡಿಡಿರೆಸ್ಕ್ಯೂ, ಹಾಕಿದ ಮೇಲೆ ಓಡಿಸುವ ಕಮಾಂಡ್ ಡಿಡಿರೆಸ್ಕ್ಯೂ. ಮೊದಲ ಸುತ್ತಿಗೆ ಮೈನಸ್ ಎನ್ ಕೊಡಿ, ಚೆನ್ನಾಗಿರುವ ಭಾಗವನ್ನೆಲ್ಲ ಮೊದಲು ಎತ್ತಿಕೊಂಡು ಹಟಮಾಡುವ ಜಾಗವನ್ನು ಬಿಟ್ಟು ಮುಂದೆ ಹೋಗುತ್ತದೆ. ಎರಡನೇ ಸುತ್ತಿಗೆ ಮೈನಸ್ ಆರ್ 3, ಉಳಿದ ಜಾಗಕ್ಕೆ ಮೂರು ಸಲ ಪ್ರಯತ್ನ. ಎರಡೂ ಸುತ್ತಿಗೆ ಒಂದೇ ಮ್ಯಾಪ್ ಫೈಲ್ ಕೊಡುವುದನ್ನು ಮರೆಯಬೇಡಿ. ನಿಮ್ಮ ಕಡೆ ಕರೆಂಟ್ ಹೋಗುವುದು ಗ್ಯಾರಂಟಿ, ಆ ಫೈಲ್ ಇದ್ದರೆ ಬಿಟ್ಟ ಜಾಗದಿಂದಲೇ ಮುಂದುವರಿಯುತ್ತದೆ. ಎಂಟರ್ ಒತ್ತುವ ಮೊದಲು ಯಾವುದು ಹಳೇ ಡಿಸ್ಕ್, ಯಾವುದು ಹೊಸದು ಅಂತ ಗಾತ್ರ ನೋಡಿ ಎರಡು ಸಲ ಓದಿಕೊಳ್ಳಿ. ಉಲ್ಟಾ ಕೊಟ್ಟರೆ ಖಾಲಿ ಡಿಸ್ಕನ್ನು ತಂದು ಅಪ್ಪನ ಡಿಸ್ಕಿನ ಮೇಲೆ ಬರೆದುಬಿಡುತ್ತದೆ.

ಇದಾದ ಮೇಲೆ ಹಳೇ ಡಿಸ್ಕನ್ನು ಹಾಗೇ ಎತ್ತಿಡಿ. ಲಿನಕ್ಸ್‌ಗೆ ಒಂದು ಸಣ್ಣ ಎಸ್‌ಎಸ್‌ಡಿ ಹಾಕಿ.

ಹುಬ್ಬಳ್ಳಿ ರಿಪೇರಿ

ಬೆಂಗಳೂರಿನ ಅಕ್ಕಾರು ಹೇಳಿದ್ದ ಸರಿ. ರ‍್ಯಾಮ್ ತಗೋಳೂವಾಗ ಒಂದ ಎಚ್ಚರಿಕಿ: ನಿಮ್ಮ ಬೋರ್ಡಿಗೆ 2 ಜಿಬಿದು ಎರಡು, ಒಟ್ಟ 4 ಜಿಬಿ ಮಾತ್ರ ಹಿಡೀತೈತಿ. ಸೋವಿ ಸಿಗತಾವಂತ 4 ಜಿಬಿ ಒಂದ ಡಿಡಿಆರ್2 ತಗೋಬ್ಯಾಡ್ರಿ. ಅಂಥವು ಬಹಳಷ್ಟು ಎಎಂಡಿ ಬೋರ್ಡಿಗಷ್ಟ ಮಾಡಿದ್ದು, ಇಂಟೆಲ್ ಬೋರ್ಡಿನಾಗ ಹಾಕಿದ್ರ ಬೀಪ್ ಹೊಡ್ಕೋತ ಕೂಡ್ತೈತಿ. ಡಿಡಿಆರ್2, 800, ಡೆಸ್ಕ್‌ಟಾಪಿಂದು, 240 ಪಿನ್ನಿಂದು ಅಂತ ಚೀಟಿ ಬರದು ಕೊಡ್ರಿ. ಹಳೇ ಮಾಲ ತಂದ್ರೂ ಅಡ್ಡಿಯಿಲ್ಲ, ಹಾಕಿದ ಕೂಡಲೆ ಒಂದ ರಾತ್ರಿ ಮೆಮ್‌ಟೆಸ್ಟ್ ಓಡಸ್ರಿ.

ಹೊಳೆಯಾಚೆ ಮನೆ

ಹದಿನೆಂಟು ದಿನ ಆಯಿತು, ಬರೆಯಲು ತಡವಾಯಿತು. ಶಾಲೆಯ ಕಿರುಪರೀಕ್ಷೆ ನಡುವೆ ಬಂತು. ನಡೆದದ್ದನ್ನು ಪೂರ್ತಿ ಹೇಳುತ್ತೇನೆ, ಯಾರಾದರೂ ಇದೇ ಬಗೆಯ ಪಿಸಿ ಇಟ್ಟುಕೊಂಡಿರಬಹುದು.

ನಮ್ಮ ಕಡೆಯ ಹುಡುಗನೊಬ್ಬ ಬೆಂಗಳೂರಿಂದ ಬರುವವನಿದ್ದ. ಅವನ ಕೈಯಲ್ಲಿ ಎಸ್.ಪಿ. ರಸ್ತೆಯಿಂದ ತರಿಸಿದೆ: 2 ಜಿಬಿಯ ಎರಡು ಹಳೇ ರ‍್ಯಾಮ್, ಪ್ಲಗ್ ಇರುವ ಅಡಾಪ್ಟರ್, ಎರಡು ಸಾಟಾ ಕೇಬಲ್, 240 ಜಿಬಿಯ ಎಸ್‌ಎಸ್‌ಡಿ. ಚೀಟಿಯಲ್ಲಿ ನೀವು ಹೇಳಿದ್ದನ್ನು ಅಕ್ಷರ ಬಿಡದೆ ಬರೆದಿದ್ದೆ. ಅಂಗಡಿಯಲ್ಲಿ ಮೊದಲು 4 ಜಿಬಿಯದನ್ನೇ ಕೊಡಲು ಬಂದರಂತೆ, ಅವನು ಚೀಟಿ ತೋರಿಸಿ ಬೇಡ ಅಂದ. ಎಕ್ಸ್‌ಟರ್ನಲ್ ಡಿಸ್ಕ್ ಶಾಲೆಯ ಸಹೋದ್ಯೋಗಿಯೊಬ್ಬರದು, ಖಾಲಿ ಇತ್ತು, ಕೇಳಿ ತಂದೆ.

ಡಿಡಿರೆಸ್ಕ್ಯೂ ಓಡಿಸುವಾಗ ಅಪ್ಪಯ್ಯ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತರು. ಮುಕ್ಕಾಲು ಗಂಟೆ ಆಗಿತ್ತು, ಗುಡುಗಿ ಕರೆಂಟ್ ಹೋಯಿತು. ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಉಳಿಯಿತು, ಹಳೇ ಡಿಸ್ಕ್ ಮಾತ್ರ ಉಸಿರು ಬಿಟ್ಟ ಹಾಗೆ ಸದ್ದು ಮಾಡುತ್ತ ನಿಂತಿತು. ನನಗೆ ಕೈ ನಡುಗಿದ್ದು ನಿಜ. ಎಲ್ಲ ಪ್ಲಗ್ ಕಿತ್ತಿಟ್ಟೆವು. ರಾತ್ರಿ ಒಂಬತ್ತಕ್ಕೆ ಕರೆಂಟ್ ಬಂದ ಮೇಲೆ ಡಿಸ್ಕ್ ಯಾವ ಹೆಸರಿನಲ್ಲಿ ಬಂದಿದೆ ಅಂತ ಮತ್ತೆ ನೋಡಿಕೊಂಡು ಅದೇ ಕಮಾಂಡ್, ಅದೇ ಮ್ಯಾಪ್ ಫೈಲ್ ಕೊಟ್ಟೆ. ನಿಂತ ಜಾಗದಿಂದಲೇ ಹೊರಟಿತು. ಮೊದಲ ಸುತ್ತು ಹತ್ತೂ ಕಾಲಿಗೆ ಮುಗಿಯಿತು. ಎರಡನೇ ಸುತ್ತಿನ ನಂತರವೂ ಆ 4 ಕೆಬಿ ಬರಲಿಲ್ಲ. ಉಳಿದದ್ದೆಲ್ಲ ಬಂತು.

ಪಿಸಿಯಲ್ಲಿ ಹೊಸ ರ‍್ಯಾಮ್ ಎರಡನ್ನೂ ಬೇರೆ ಬೇರೆಯಾಗಿ ಒಂದೊಂದು ರಾತ್ರಿ ಮೆಮ್‌ಟೆಸ್ಟ್‌ನಲ್ಲಿ ಓಡಿಸಿದೆ, ಸೊನ್ನೆ, ಸೊನ್ನೆ. ಎಸ್‌ಎಸ್‌ಡಿಗೆ ಹೊಸ ಕೇಬಲ್ ಹಾಕಿ ಡೆಬಿಯನ್ 13 ಇನ್‌ಸ್ಟಾಲ್‌ಗೆ ಕೊಟ್ಟೆ. 27 ದಾಟಿತು, 43 ದಾಟಿತು, 61 ದಾಟಿತು, ಮುಗಿಯಿತು. ಹಳೇ ಡಿಸ್ಕನ್ನೂ ಇನ್ನೊಂದು ಹೊಸ ಕೇಬಲ್‌ನಲ್ಲಿ ಒಮ್ಮೆ ಹಾಕಿ, ಓದುವುದಕ್ಕೆ ಮಾತ್ರ ತೆರೆದು, ಅರ್ಧ ಗಂಟೆ ನೋಡಿದೆ. 199ನೇ ಸಾಲು 1412ರಲ್ಲೇ ಇದೆ, ಟಕ್ ಅನ್ನುವುದೂ ಇಲ್ಲ. ಹಳೇ ಕೇಬಲ್ಲನ್ನು ಬೆಳಕಿಗೆ ಹಿಡಿದರೆ ಡಿಸ್ಕಿನ ಕಡೆಯ ತುದಿಯಲ್ಲಿ, ಮಡಚಿದ ಜಾಗದಲ್ಲಿ, ಕೆಂಪು ಸುತ್ತು ಬಿರಿದು ಒಳಗಿನ ತಂತಿ ಹಸಿರು ಹಿಡಿದಿರುವುದು ಕಾಣುತ್ತದೆ. ನಮ್ಮ ಶಾಲೆಯ ಮಕ್ಕಳಿಗೆ ತಾಮ್ರದ ಕಿಲುಬು ತೋರಿಸಲು ಅದನ್ನು ಪ್ರಯೋಗಾಲಯದಲ್ಲಿ ಇಟ್ಟಿದ್ದೇನೆ.

ಕನ್ನಡದ ವಿಷಯ ಒಂದು ಹೇಳಬೇಕು. ಲಿನಕ್ಸಿನಲ್ಲಿ ಕನ್ನಡ ಟೈಪ್ ಮಾಡಿಸುವ ಐಬಸ್ ಮತ್ತು ಅದರ ಎಂ17ಎನ್ ಹಾಕಿ ಕೆಜಿಪಿ ಕೀಲಿಮಣೆ ವಿನ್ಯಾಸ ಆರಿಸಿದೆ. ನುಡಿಯಲ್ಲಿ ಅಪ್ಪಯ್ಯ ಬಳಸುತ್ತಿದ್ದದ್ದೂ ಅದೇ ವಿನ್ಯಾಸ, ಅವರ ಬೆರಳಿಗೆ ಏನೂ ಹೊಸದಾಗಿ ಕಲಿಸಬೇಕಾಗಲಿಲ್ಲ. ಹಳೇ ಫೈಲುಗಳು ಮಾತ್ರ ನುಡಿಯ ಹಳೇ ಫಾಂಟಿನವು, ಇಲ್ಲಿ ತೆರೆದರೆ ಅರ್ಥವಿಲ್ಲದ ಗುರುತುಗಳು ಕಾಣುತ್ತವೆ. ಶಾಲೆಯ ಕಂಪ್ಯೂಟರ್‌ನ ನುಡಿಯಲ್ಲಿರುವ ಪರಿವರ್ತಕದಿಂದ ಒಂದೊಂದು ವರ್ಷದ್ದನ್ನೂ ಯೂನಿಕೋಡ್‌ಗೆ ತಂದೆ. ಅರ್ಕಾವೊತ್ತು ಕೆಲವು ಕಡೆ ಜಾಗ ಬದಲಿಸಿದೆ, "ವರ್ಷ" ಅನ್ನುವಲ್ಲೆಲ್ಲ ನೋಡಿ ತಿದ್ದಬೇಕಾಯಿತು. ಅಂಕಿಗಳು ಸರಿಯಾಗಿ ಬಂದಿವೆ, ತಿಂಗಳಿಗೆರಡು ಸಾಲು ಹಳೆಯದರ ಜೊತೆ ಇಟ್ಟು ತಾಳೆ ನೋಡಿದೆ.

ಆ 4 ಕೆಬಿ ಕೂತಿದ್ದು 2014ರ ಫೈಲಿನಲ್ಲಿ. ಆಶ್ಲೇಷ ಮಳೆಯ ಒಂಬತ್ತು ದಿನ ಹೋಗಿದೆ. ಅಪ್ಪಯ್ಯನಿಗೆ ಹೇಳಲು ಹೆದರಿ ಎರಡು ದಿನ ಸುಮ್ಮನಿದ್ದೆ. ಹೇಳಿದ ಮೇಲೆ ಅವರು ಎದ್ದು ಅಟ್ಟ ಹತ್ತಲು ಹೊರಟರು, ನಾನೇ ಹತ್ತಿದೆ. ಕಂಪ್ಯೂಟರಿಗೆ ಹಾಕುವ ಮೊದಲು ಅವರು ದಿನಾ ಗೋಡೆಯ ಕ್ಯಾಲೆಂಡರಿನ ಚೌಕದೊಳಗೆ ಪೆನ್ಸಿಲ್‌ನಲ್ಲಿ ಬರೆದುಕೊಳ್ಳುತ್ತಿದ್ದರಂತೆ, ವರ್ಷ ಮುಗಿದ ಮೇಲೆ ಸುರುಳಿ ಸುತ್ತಿ ಅಟ್ಟಕ್ಕೆ ಹಾಕುತ್ತಿದ್ದರಂತೆ. 2014ರ ಸುರುಳಿ ಸಿಕ್ಕಿತು. ಆಗಸ್ಟ್ ಹಾಳೆಯ ಒಂದು ಮೂಲೆ ಗೆದ್ದಲು ತಿಂದಿದೆ, ಒಂಬತ್ತು ಚೌಕಗಳೂ ಉಳಿದಿವೆ.

ಈಗ ಅವರೇ ಟೈಪ್ ಮಾಡುತ್ತಿದ್ದಾರೆ, ಒಂದೊಂದೇ ಬೆರಳಿನಲ್ಲಿ. ಆರನೇ ದಿನಕ್ಕೆ ಬಂದಿದ್ದಾರೆ: ನಾಲ್ಕು ಇಂಚು ಹದಿನೆಂಟು ಸೆಂಟು.